ಹಿಂದಕ್ಕೆ ಒತ್ತಿದರೆ ಹುಡುಕಿದ್ದೆಲ್ಲ ಮಾಯವಾಗುವುದೇಕೆ?

ನಮಸ್ಕಾರ. ಕೆಲವು ದಿನಗಳ ಹಿಂದೆ ನಾನು ಒಂದು ಗ್ರಂಥಾಲಯದ ಜಾಲತಾಣದಲ್ಲಿ ಹಳೆಯ ನಿಘಂಟುಗಳನ್ನು ಹುಡುಕುತ್ತಿದ್ದೆ. ಉದ್ದನೆಯ ಪಟ್ಟಿಯೊಂದು ಬಂತು. ಅದರಲ್ಲಿ ಏಳನೆಯ ಪುಸ್ತಕದ ವಿವರ ನೋಡಿ ಬ್ಯಾಕ್ ಬಟನ್ ಒತ್ತಿದೆ. ಪಟ್ಟಿಯ ಜಾಗದಲ್ಲಿ, ಫಾರ್ಮನ್ನು ಮತ್ತೊಮ್ಮೆ ಸಲ್ಲಿಸಬೇಕೇ ಎಂದು ಕೇಳುವ ಬೋಳು ಪುಟ ನಿಂತಿತ್ತು. ನಿಮ್ಮಲ್ಲಿ ಅನೇಕರು ಕೇಳಿರುವುದೂ ಇದನ್ನೇ: ಈಗಷ್ಟೇ ಕಣ್ಣೆದುರು ಇದ್ದದ್ದು ಎಲ್ಲಿಗೆ ಹೋಯಿತು?

ನೀವು ನೋಡಿದ ಪುಟಗಳ ಸರಣಿಯನ್ನು ಬ್ರೌಸರ್ ಪ್ರತಿ ಟ್ಯಾಬಿಗೂ ಬೇರೆ ಬೇರೆಯಾಗಿ ಇಟ್ಟುಕೊಳ್ಳುತ್ತದೆ, ಬ್ಯಾಕ್ ಬಟನ್ ಆ ಸರಣಿಯಲ್ಲಿ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ತೊಂದರೆಯ ಮೂಲವಿರುವುದು ಹುಡುಕಾಟದ ಪದ ಸರ್ವರಿಗೆ, ಅಂದರೆ ಜಾಲತಾಣವನ್ನು ನಡೆಸುವ ಕಂಪ್ಯೂಟರಿಗೆ, ಹೋಗುವ ಬಗೆಯಲ್ಲಿ.

ಅದಕ್ಕೆ ಎರಡು ದಾರಿಗಳಿವೆ: ಗೆಟ್ ಮತ್ತು ಪೋಸ್ಟ್. ಗೆಟ್ ಎಂಬುದು ಅಂಚೆ ಕಾರ್ಡಿನಂತೆ; ಒಕ್ಕಣೆಯೆಲ್ಲ ಹೊರಗೇ ಕಾಣುತ್ತದೆ. ನೀವು ಹುಡುಕಿದ ಪದ ಬ್ರೌಸರಿನ ವಿಳಾಸಪಟ್ಟಿಯಲ್ಲಿ (ಅಡ್ರೆಸ್ ಬಾರ್) ಪ್ರಶ್ನಾರ್ಥಕ ಚಿಹ್ನೆಯ ನಂತರ ಕುಳಿತಿರುತ್ತದೆ, ಬೆನ್ನ ಹಿಂದೆ ನಿಂತವರೂ ಅದನ್ನು ಓದಬಹುದು. ಪೋಸ್ಟ್ ಎಂಬುದು ಅಂಟಿಸಿದ ಲಕೋಟೆ. ಹೊರಗೆ ವಿಳಾಸ ಮಾತ್ರ, ವಿಷಯ ಒಳಗೆ. ಅಂಚೆ ಕಾರ್ಡಿಗೆ ಪೋಸ್ಟ್ ಎಂಬ ಹೆಸರು ದಕ್ಕದೆ ಲಕೋಟೆಗೆ ಹೋದದ್ದು ನನಗೆ ಇಂದಿಗೂ ಸಣ್ಣ ಅನ್ಯಾಯವಾಗಿ ಕಾಣುತ್ತದೆ.

ಈಗ ನೀವು ಹಿಂದಕ್ಕೆ ಒತ್ತಿದಿರಿ ಎನ್ನಿ. ಬ್ರೌಸರ್ ಮೊದಲು ತನ್ನ ಬಳಿ ಆ ಪುಟದ ಪ್ರತಿ ಇದೆಯೇ ಎಂದು ನೋಡುತ್ತದೆ. ಪ್ರತಿ ಇಲ್ಲದಿದ್ದರೆ, ಅಂಚೆ ಕಾರ್ಡನ್ನು ಯಾವ ಅಳುಕೂ ಇಲ್ಲದೆ ಮತ್ತೊಮ್ಮೆ ಕಳುಹಿಸಿ ಉತ್ತರ ತರಿಸುತ್ತದೆ. ಲಕೋಟೆಯಾದರೆ ಅಲ್ಲೇ ತಡೆದು ನಿಲ್ಲುತ್ತದೆ. ಏಕೆಂದರೆ ಅದರೊಳಗಿರುವುದು ಬರಿಯ ಪುಸ್ತಕದ ವಿಚಾರಣೆಯೋ, ಐದು ಸಾವಿರ ರೂಪಾಯಿ ಪಾವತಿಸುವ ಆದೇಶವೋ ಎಂಬ ವ್ಯತ್ಯಾಸ ಅದಕ್ಕೆ ತಿಳಿಯದು. ಮತ್ತೆ ಕಳುಹಿಸಿದರೆ ಹಣ ಎರಡು ಬಾರಿ ಹೋದೀತು. ಪಾವತಿ ಪುಟಗಳು ಹಿಂದಕ್ಕೆ ಒತ್ತಬೇಡಿ, ರಿಫ್ರೆಶ್ ಮಾಡಬೇಡಿ ಎಂದು ಅಂಗಲಾಚುವುದರ ಹಿಂದಿರುವುದೂ ಬಹುಮಟ್ಟಿಗೆ ಇದೇ ಭಯ. ಹೀಗಾಗಿ ಆ ಬೋಳು ಪುಟ ಬ್ರೌಸರಿನ ದೋಷವಲ್ಲ, ಅದರ ಎಚ್ಚರಿಕೆ. ಅಂಚೆ ಕಾರ್ಡಿನಲ್ಲಿ ಮುಗಿಯುವ ವಿಚಾರಣೆಯನ್ನು ಲಕೋಟೆಗೆ ಹಾಕಿ ಅಂಟಿಸಿದವರು ಜಾಲತಾಣ ಕಟ್ಟಿದವರು.

ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, 1999ರ ಎಚ್‌ಟಿಟಿಪಿ 1.1 ಎಂಬ, ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮಾವಳಿಯಲ್ಲಿ ಇತಿಹಾಸಪಟ್ಟಿಗೆಂದೇ, ಅಂದರೆ ನೋಡಿದ ಪುಟಗಳ ಸರಣಿಗೆಂದೇ, ಒಂದು ಪ್ರತ್ಯೇಕ ವಿಭಾಗವಿತ್ತು. ಹಿಂದಕ್ಕೆ ಹೋದಾಗ ಕಾಣಬೇಕಾದದ್ದು ಆ ಪುಟದ ಇಂದಿನ ಸ್ಥಿತಿಯಲ್ಲ, ನೀವು ಅಂದು ನೋಡಿದ ಪುಟವೇ ಎಂಬುದು ಅದರ ಆಶಯ. ಆದರೆ ಯಾವ ಪ್ರತಿಯನ್ನೂ ಉಳಿಸಬೇಡ ಎಂದು ಸರ್ವರ್ ಸೂಚನೆ ಕೊಟ್ಟುಬಿಟ್ಟರೆ ಆ ಆಶಯ ಕಾಗದದಲ್ಲೇ ಉಳಿಯುತ್ತದೆ.

ನಿಮ್ಮ ತೊಂದರೆ ಯಾವುದೆಂದು ತಿಳಿಯಲು ಫಲಿತಾಂಶ ಬಂದ ಕೂಡಲೇ ವಿಳಾಸಪಟ್ಟಿಯನ್ನು ನೋಡಿ. ಹುಡುಕಿದ ಪದ ಅಲ್ಲಿದ್ದರೆ ಆ ವಿಳಾಸವನ್ನು ನಕಲಿಸಿಟ್ಟುಕೊಂಡರೆ ಸಾಕು. ಪದವಿಲ್ಲದೆ, ಹಿಂದಕ್ಕೆ ಒತ್ತಿದಾಗ ಮರುಸಲ್ಲಿಕೆಯ ಪ್ರಶ್ನೆ ಬಂದರೆ ಅದು ಲಕೋಟೆ. ಕೇವಲ ಹುಡುಕಾಟವೆಂದು ಖಚಿತವಿದ್ದರೆ ರಿಫ್ರೆಶ್ ಮಾಡಿ ಒಪ್ಪಿಗೆ ಕೊಡಬಹುದು, ಹಣದ ವ್ಯವಹಾರವಾದರೆ ಖಂಡಿತ ಬೇಡ. ವಿಳಾಸ ಕಿಂಚಿತ್ತೂ ಬದಲಾಗದೆ ಫಲಿತಾಂಶ ಮಾತ್ರ ಬದಲಾದರೆ ಅದು ಪುಟದೊಳಗೇ ಓಡುವ ಪ್ರೋಗ್ರಾಮಿನ, ಅಂದರೆ ಜಾವಾಸ್ಕ್ರಿಪ್ಟಿನ ಕೆಲಸ. ಅಂತಹ ಕಡೆ ಹಿಂದಕ್ಕೆ ಒತ್ತಿದರೆ ನೀವು ಆ ತಾಣದಿಂದಲೇ ಹೊರಬೀಳಬಹುದು.

ಸಮಯ ಮೀರುತ್ತಿರುವುದರಿಂದ ಉಳಿದದ್ದನ್ನು ಒಟ್ಟಿಗೇ ಹೇಳುತ್ತೇನೆ. ಫಲಿತಾಂಶದ ಕೊಂಡಿಯನ್ನು ಕಂಟ್ರೋಲ್ ಕೀಲಿ ಹಿಡಿದು ಕ್ಲಿಕ್ಕಿಸಿ, ಮೊಬೈಲಿನಲ್ಲಾದರೆ ಒತ್ತಿ ಹಿಡಿದು, ಹೊಸ ಟ್ಯಾಬಿನಲ್ಲಿ ತೆರೆದರೆ ಪಟ್ಟಿ ಇದ್ದಲ್ಲಿಯೇ ಇರುತ್ತದೆ. ಕಂಪ್ಯೂಟರಿನಲ್ಲಿ ಬ್ಯಾಕ್ ಬಟನ್ನನ್ನೇ ಒತ್ತಿ ಹಿಡಿದರೆ ಹಿಂದಿನ ಪುಟಗಳ ಪಟ್ಟಿ ತೆರೆದು, ಬೇಕಾದ ಪುಟಕ್ಕೆ ನೇರವಾಗಿ ಜಿಗಿಯಬಹುದು. ಪುಟವನ್ನು ಇಡಿಯಾಗಿ ಮೆಮೊರಿಯಲ್ಲಿ ಹಿಡಿದಿಟ್ಟು ಮರಳಿಸುವ ಸೌಲಭ್ಯ ಫೈರ್‌ಫಾಕ್ಸಿನಲ್ಲಿ 2005ರಿಂದ ಇದೆ, ಕಂಪ್ಯೂಟರಿನ ಕ್ರೋಮಿಗೆ ಅದು ಬಂದದ್ದು 2021ರಲ್ಲಿ. ಆದ್ದರಿಂದ ಹಳೆಯ ಬ್ರೌಸರ್ ಬಳಸುತ್ತಿದ್ದರೆ ನವೀಕರಿಸಿ. ಅಕ್ಷರ ಅಳಿಸಲು ಹೋಗಿ ಪುಟವನ್ನೇ ಕಳೆದುಕೊಳ್ಳುತ್ತಿದ್ದವರ ಸಂಕಟ ಕಂಡು ಕ್ರೋಮ್ 2016ರಲ್ಲಿ ಬ್ಯಾಕ್‌ಸ್ಪೇಸ್ ಕೀಲಿಯಿಂದ ಹಿಂದೆ ಹೋಗುವ ಅಧಿಕಾರವನ್ನು ಕಿತ್ತುಕೊಂಡಿತು. ಈಗ ಆಲ್ಟ್ ಜೊತೆಗೆ ಎಡಬಾಣ ಒತ್ತಬೇಕು. ಜಾಲತಾಣ ಕಟ್ಟುವವರಿಗೆ: ಹುಡುಕಾಟದ ಫಾರ್ಮಿಗೆ ಗೆಟ್ ಬಳಸಿ, ಜಾವಾಸ್ಕ್ರಿಪ್ಟಿನಲ್ಲಿ ಫಲಿತಾಂಶ ತರುವುದಾದರೆ ಪುಶ್‌ಸ್ಟೇಟ್ ಮೂಲಕ ವಿಳಾಸವನ್ನೂ ಬದಲಿಸಿ.

ಗ್ರಂಥಾಲಯಕ್ಕೆ ಇದನ್ನೇ ಬರೆದು ಕಳುಹಿಸಲು ಹೋದೆ. ಅವರ ಸಲಹೆಗಳ ಫಾರ್ಮನ್ನು ತುಂಬಿ, ಒಂದು ಸಾಲು ತಿದ್ದೋಣವೆಂದು ಹಿಂದಕ್ಕೆ ಒತ್ತಿದೆ. ಅದೇ ಬೋಳು ಪುಟ.