ಮರದ ಸುತ್ತ ಬೆಳೆದ ಇಂಗ್ಲಿಷ್ ಮಾತುಗಳು

ಕೇಳುಗರೇ, ನಮಸ್ಕಾರ.

ರೂಟ್ ಎಂದರೆ ಬೇರು, ಟ್ರಂಕ್ ಎಂದರೆ ಕಾಂಡ, ಬಾರ್ಕ್ ಎಂದರೆ ತೊಗಟೆ, ಲೀಫ್ ಎಂದರೆ ಎಲೆ. ಇಂಗ್ಲಿಷ್ ಕಲಿಯುವವರಿಗೆ ಇಷ್ಟು ಬೇಗ ಬಂದುಬಿಡುತ್ತದೆ. ಕೊಂಬೆಯ ಹತ್ತಿರ ಮಾತ್ರ ಸ್ವಲ್ಪ ನಿಲ್ಲಬೇಕು. ದಪ್ಪ ಕೊಂಬೆ ಲಿಂಬ್. ಸಣ್ಣ ಕಡ್ಡಿ ಟ್ವಿಗ್. ಎರಡಕ್ಕೂ ಬ್ರಾಂಚ್ ಎಂದರೆ ತಪ್ಪೇನಿಲ್ಲ, ಆದರೆ ಚಿತ್ರ ಮಸುಕಾಗುತ್ತದೆ. ಯಾರ ಬೆಂಬಲವೂ ಇಲ್ಲದೆ ಧೈರ್ಯವಾಗಿ ಒಂದು ಮಾತು ಹೇಳಿದವರು ‘ಔಟ್ ಆನ್ ಎ ಲಿಂಬ್’. ಕೊಂಬೆಯ ತುದಿಗೆ ಹೋದವರಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ, ಅಲ್ವಾ?

ನನಗೆ ಈ ಮಾತುಗಳು ಇಷ್ಟವಾಗುವುದೇ ಇದಕ್ಕೆ. ಮರ ಹತ್ತಿದವರು, ಕಡಿದವರು, ಮರದ ಹಡಗಿನಲ್ಲಿ ಹೋದವರು ಕಂಡದ್ದೆಲ್ಲ ಇವುಗಳಲ್ಲಿ ಉಳಿದಿದೆ. ಆ ಕೆಲಸ ಕಣ್ಣಿಗೆ ಕಟ್ಟಿದರೆ ಅರ್ಥವನ್ನು ಸುಮ್ನೆ ಉರು ಹೊಡೆಯಬೇಕಿಲ್ಲ.

ಕಡಿಯುವ ಕೆಲಸವನ್ನೇ ನೋಡಿ. ‘ಫಾಲ್’ ಎಂದರೆ ಬೀಳು, ‘ಫೆಲ್’ ಎಂದರೆ ಕಡಿದು ಬೀಳಿಸು. ಆದರೆ ‘ಫಾಲ್’ನ ಭೂತಕಾಲದ ರೂಪವೂ ‘ಫೆಲ್’ ಎಂದೇ, ಹಾಗಾಗಿ ಮರ ತಾನಾಗಿ ಬಿದ್ದರೆ ‘ದ ಟ್ರೀ ಫೆಲ್’. ಯಾರೋ ಉರುಳಿಸಿದ್ದರೆ ‘ದೇ ಫೆಲ್ಡ್ ದ ಟ್ರೀ’. ಇಲ್ಲಿ ಬಹಳ ಜನ ಎಡವುತ್ತಾರೆ. ನಿಂತ ಮರವನ್ನು ಕೆಡವುವುದು ‘ಕಟ್ ಡೌನ್’, ಬಿದ್ದದ್ದನ್ನು ತುಂಡು ಮಾಡುವುದು ‘ಕಟ್ ಅಪ್’. ನೆಲದಲ್ಲಿ ಉಳಿದ ಬುಡ ಸ್ಟಂಪ್. ಅಮೆರಿಕದಲ್ಲಿ ಹಿಂದೆ ಚುನಾವಣೆಗೆ ನಿಂತವರು ಅಂಥ ಬುಡ ಹತ್ತಿ ಜನರ ಮುಂದೆ ಮಾತಾಡುತ್ತಿದ್ದರು. ಊರೂರು ತಿರುಗಿ ಮಾಡುವ ಚುನಾವಣಾ ಭಾಷಣ ಅಲ್ಲಿ ಇವತ್ತಿಗೂ ‘ಸ್ಟಂಪ್ ಸ್ಪೀಚ್’.

ಕಡಿದ ದಿಮ್ಮಿ ಲಾಗ್. ಎಲ್ಲಕ್ಕಿಂತ ದೂರ ಹೋದ ಪದ ಇದು. ಹಾಯಿಹಡಗಿನವರು ವೇಗ ಅಳೆಯಲು ಮರದ ತುಂಡೊಂದನ್ನು ಹಗ್ಗಕ್ಕೆ ಕಟ್ಟಿ ಹಿಂದಿನ ನೀರಿಗೆ ಎಸೆಯುತ್ತಿದ್ದರು. ತುಂಡು ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತಿತ್ತು, ಹಡಗು ಮುಂದೆ ಹೋದಂತೆ ಹಗ್ಗ ಬಿಚ್ಚಿಕೊಳ್ಳುತ್ತಿತ್ತು. ಹಗ್ಗದುದ್ದಕ್ಕೂ ಸಮ ಅಂತರದಲ್ಲಿ ಗಂಟುಗಳು. ಮರಳು ಗಡಿಯಾರ ಖಾಲಿಯಾಗುವಷ್ಟರಲ್ಲಿ ಎಷ್ಟು ಗಂಟು ಕೈ ದಾಟಿದವು ಎಂದು ಎಣಿಸುತ್ತಿದ್ದರು. 28 ಸೆಕೆಂಡಿನ ಗಡಿಯಾರವಾದರೆ ಗಂಟಿನಿಂದ ಗಂಟಿಗೆ 47 ಅಡಿ 3 ಅಂಗುಲ. ಹಡಗಿನ ವೇಗವನ್ನು ಈಗಲೂ ‘ನಾಟ್’ ಎಂದು ಹೇಳುವುದು ಆ ಗಂಟುಗಳಿಂದಲೇ. ಲಾಗ್ ಕೊಟ್ಟ ಲೆಕ್ಕ ಬರೆದಿಡುವ ಪುಸ್ತಕ ಲಾಗ್‌ಬುಕ್ ಆಯಿತು. ಕಂಪ್ಯೂಟರಿನ ಲಾಗಿನ್ ಅದರಿಂದ ಹುಟ್ಟಿದ್ದು. ಮರದ ತುಂಡೊಂದು ಎಲ್ಲಿಗೆ ಬಂದು ತಲುಪಿದೆ ನೋಡಿ!

ಹಾರ್ಡ್‌ವುಡ್, ಸಾಫ್ಟ್‌ವುಡ್ ಎಂಬ ಹೆಸರುಗಳನ್ನು ಮಾತ್ರ ಜಾಸ್ತಿ ನಂಬಬೇಡಿ. ಹೂ ಬಿಡುವ, ಅಗಲ ಎಲೆಯ ಮರಗಳದ್ದು ಹಾರ್ಡ್‌ವುಡ್. ಪೈನ್‌ನಂಥ ಸೂಜಿ ಎಲೆಯ ಮರಗಳದ್ದು ಸಾಫ್ಟ್‌ವುಡ್. ಉಗುರು ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗಿರುವ ಬಾಲ್ಸಾ ಕೂಡ ಹಾರ್ಡ್‌ವುಡ್ ಗುಂಪಿನದೇ.

ಇನ್ನೊಂದು ಮಾತು. ‘ಬಾರ್ಕಿಂಗ್ ಅಪ್ ದ ರಾಂಗ್ ಟ್ರೀ’ ಎಂಬಲ್ಲಿ ಬಾರ್ಕ್ ತೊಗಟೆಯಲ್ಲ, ನಾಯಿಯ ಬೊಗಳು. 19ನೇ ಶತಮಾನದ ಅಮೆರಿಕದ ಬೇಟೆಯ ಮಾತು ಇದು. ನಾಯಿ ಅಟ್ಟಿದ ಪ್ರಾಣಿ ಬೇರೆ ಮರಕ್ಕೆ ಜಿಗಿದಿರುತ್ತದೆ, ನಾಯಿ ಮಾತ್ರ ಮೊದಲ ಮರದ ಕೆಳಗೇ ಬೊಗಳುತ್ತಿರುತ್ತದೆ. ತಪ್ಪು ಜಾಗದಲ್ಲಿ ಉತ್ತರ ಹುಡುಕುವವರಿಗೆ ಈ ಮಾತು ಸಲ್ಲುತ್ತದೆ. ‘ಟರ್ನ್ ಓವರ್ ಎ ನ್ಯೂ ಲೀಫ್’ ಎಂದಾಗಲೂ ಅಷ್ಟೇ, ಎಲೆಯನ್ನು ಹುಡುಕಬೇಡಿ. ಅಲ್ಲಿರುವುದು ಪುಸ್ತಕದ ಹಾಳೆ. ನಡತೆ ತಿದ್ದಿಕೊಂಡು ಹೊಸದಾಗಿ ಶುರು ಮಾಡುವವರ ಬಗ್ಗೆ ಹಾಗೆ ಹೇಳುತ್ತಾರೆ.

ನಮಸ್ಕಾರ.