ಕಾಫಿ ಕಣದಲ್ಲಿ ರಂಜಿ: ಊರಿಗೆ ಹೋದವನನ್ನ ಬಯ್ಬೇಡಿ ಮಾರಾಯ್ರೆ

ನಮಸ್ಕಾರ ಎಲ್ರಿಗೂ. ಇದು ನಮ್ಮ ದೊಡ್ಡಪ್ಪನ ಕಣ, ಚಿಕ್ಕಮಗಳೂರಿಂದ ಕೈಮರ ದಾಟಿ ಸ್ವಲ್ಪ ಮೇಲೆ. ಅರೇಬಿಕಾ ಕುಯ್ಲು ಮುಗೀತಾ ಬಂತು, ಹಣ್ಣು ಒಣಗ್ತಿದೆ. ಕೆದಕೋದು ಹೇಗೆ ಅಂತ ನಾನು ಹೇಳಲ್ಲ, ವಿಡಿಯೋದಲ್ಲಿ ನೀವೇ ನೋಡ್ತಿದ್ದೀರಲ್ಲ. ನಾವೆಲ್ಲ ಸೇರಿರೋದು ಕೆಲಸಕ್ಕೆ ಅಂತ ದೊಡ್ಡಪ್ಪ ನಂಬಿದ್ದಾರೆ. ಬಂದಿರೋದು ರಂಜಿ ಕ್ರಿಕೆಟ್ ಮ್ಯಾಚ್ ನೋಡೋಕೆ.

ಆ ಮ್ಯಾಚ್ ನೋಡೋ ಗೋಳು ಮೊದಲು ಕೇಳಿ. ಈ ಕೆಂಪು ಟೋಪಿಯವನು ಐನೂರು ರೂಪಾಯಿ ಹತ್ತಿರ ಕೊಟ್ಟು ಒಂದು ಆ್ಯಪ್‌ಗೆ ಪ್ಯಾಕ್ ಹಾಕಿಸ್ದ. ರಂಜಿ ಬರುತ್ತೆ ಅಂತಾನೇ ಹಾಕಿಸಿದ್ದು. ಬರುತ್ತೆ, ಇಲ್ಲ ಅಂತಲ್ಲ. ಆದ್ರೆ ಒಂದು ರೌಂಡಲ್ಲಿ ಅಷ್ಟೊಂದು ಮ್ಯಾಚ್ ನಡೆದ್ರೆ ತೋರ್ಸೋದು ಒಂದೆರಡು, ನಮ್ದು ಅದ್ರಲ್ಲಿ ಇಲ್ಲ! ಕಂಪ್ಲೇಂಟ್ ಕೊಟ್ರೆ ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಅಂತ ಮೆಸೇಜು. ಅಭಿಪ್ರಾಯ ಯಾರಿಗೆ ಬೇಕು, ದುಡ್ಡು ವಾಪಸ್ ಕೊಡ್ರಪ್ಪ. ಕೊನೆಗೆ ಸ್ಕೋರ್‌ಕಾರ್ಡೇ ಗತಿ. ಅದಕ್ಕೂ ಸಿಗ್ನಲ್ ಸಿಗೋದು ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಮನೆ ಕಟ್ಟೆ ಮೇಲೆ ಹತ್ತಿ ನಿಂತ್ರೆ ಮಾತ್ರ. ಹತ್ತಿದ್ದಾನೆ ನೋಡಿ. ಹಣ್ಣಿನ ಅಂಟು ಹೆಬ್ಬೆರಳಿಗೆ ಮೆತ್ಕೊಂಡು ಸ್ಕ್ರೀನ್ ಕೆಳಗೆ ಎಳೆಯೋಕೇ ಆಗ್ತಿಲ್ಲ. ಪ್ಯಾಂಟಿಗೆ ಒರೆಸ್ತಾನೆ, ಎಳೀತಾನೆ, ಮತ್ತೆ ಒರೆಸ್ತಾನೆ. ಅಲ್ಲಿ ಎದುರು ತಂಡ 214ಕ್ಕೆ 6 ಅಂತ ಕೂತಿದ್ದು ಕದಲ್ತಾನೇ ಇಲ್ಲ.

ಆಗ ಗೊತ್ತಾಗಿದ್ದು, ಎದುರು ತಂಡದ ಮಧ್ಯಮ ಕ್ರಮಾಂಕದ ಬ್ಯಾಟ್ಸ್‌ಮನ್ ರಾತ್ರಿನೇ ಊರಿಗೆ ಹೋಗಿದ್ದಾನೆ ಅಂತ. ಮನೇಲಿ ಸಾವು. ಹೆಸರು ಹೇಳಲ್ಲ, ಅವರ ಮನೆ ವಿಷಯ.

ಕೆಂಪು ಟೋಪಿ ಏನಂದ ಗೊತ್ತಾ? ‘ಒಂದು ವಿಕೆಟ್ ಪುಕ್ಕಟೆ ಕಣೋ.’ ಲೆಕ್ಕ ಸರೀನೇ. ಬದಲಿಗೆ ಬಂದವನು ಫೀಲ್ಡಿಂಗ್ ಮಾಡ್ಬಹುದು, ಬ್ಯಾಟ್ ಹಿಡಿಯೋ ಹಾಗಿಲ್ಲ. ಒಂಬತ್ತು ಬಿದ್ರೆ ಅವರ ಕಥೆ ಮುಗೀತು, ಮೊದಲ ಇನ್ನಿಂಗ್ಸ್ ಲೀಡ್ ಸಿಕ್ಕಿ ಮ್ಯಾಚ್ ಡ್ರಾ ಆದ್ರೂ ನಮಗೆ 3 ಪಾಯಿಂಟ್. ಆದ್ರೂ ಅನ್ನೋ ಮಾತಾ ಅದು? ದೊಡ್ಡಪ್ಪ ಕೇಳಿಸ್ಕೊಂಡ್ರು. ‘ಬಾಯಿ ತೊಳ್ಕೊಂಡು ಬಾರೋ’ ಅಂದ್ರು.

ಅವನು ಸುಮ್ನಾಗ್ತಾನಾ? ಕೊಹ್ಲಿ ಕಥೆ ತೆಗ್ದ. ಡಿಸೆಂಬರ್ 2006, ದೆಹಲಿಯ ಕೋಟ್ಲಾ ಮೈದಾನ, ಎದುರಿಗೆ ಇದ್ದಿದ್ದು ನಮ್ಮ ಕರ್ನಾಟಕನೇ. ಹುಡುಗನಿಗೆ 18 ವರ್ಷ, 40 ಹೊಡೆದು ನಾಟೌಟ್ ಉಳ್ದಿದ್ದ. ರಾತ್ರಿ ಅಪ್ಪ ತೀರ್ಕೊಂಡ್ರು. ಬೆಳಿಗ್ಗೆ ಬಂದು 90ರ ತನಕ ಆಡಿ, ಆಮೇಲೆ ಅಂತ್ಯಸಂಸ್ಕಾರಕ್ಕೆ ಹೋದ. ನನಗೂ ಈ ಕಥೆ ಅಂದ್ರೆ ಇವತ್ತಿಗೂ ಮೈ ಜುಮ್ಮನ್ನುತ್ತೆ. ಆದ್ರೆ ಊರಿಗೆ ಹೋದ ಪ್ರತಿಯೊಬ್ಬನ ತಲೆ ಮೇಲೆ ಅದನ್ನೇ ತಂದು ಕುಟ್ಟೋದು ಯಾಕೆ? ಕೋಟ್ಲಾ ಇರೋ ಊರಲ್ಲೇ ಅವನ ಮನೆ ಇತ್ತು ಮಾರಾಯ. ಇವನು ಎರಡು ರಾಜ್ಯ ದಾಟ್ಬೇಕು. 1999ರ ವಿಶ್ವಕಪ್‌ನಲ್ಲಿ ತೆಂಡೂಲ್ಕರ್ ಹೋಗ್ಲಿಲ್ವಾ? ಮುಂಬೈಗೆ ಹೋಗಿ, ಅಪ್ಪನ ಕಾರ್ಯ ಮುಗಿಸಿ ಬಂದು ಬ್ರಿಸ್ಟಲ್‌ನಲ್ಲಿ ಕೀನ್ಯಾ ಮೇಲೆ 140 ಹೊಡೆದ್ರು. ನಡುವೆ ಜಿಂಬಾಬ್ವೆ ಮೇಲೆ ನಾವು ಸೋತ್ವಿ. ಅದಕ್ಕೆ ತೆಂಡೂಲ್ಕರ್‌ನ ಯಾರಾದ್ರೂ ಬಯ್ದ್ರಾ?

ಇರಿ, ಈ ನಾಯಿ ನೋಡಿ. ಒಣಗಾಕಿರೋ ಕಾಫಿ ಮೇಲೇ ಮಲಗ್ಬೇಕು ಇದಕ್ಕೆ. ಹಚಾ! ನೀವು ಕುಡಿಯೋ ಕಾಫಿ ಇದೇ ಅಂತ ಹೆದರ್ಬೇಡಿ, ಸಿಪ್ಪೆ ತೆಗೆದು ಹುರೀತಾರೆ.

ಎಲ್ಲಿದ್ದೆ... ಹಾಂ, ಅಶ್ವಿನ್. 2024ರ ರಾಜ್‌ಕೋಟ್ ಟೆಸ್ಟ್. 500ನೇ ವಿಕೆಟ್ ತೆಗೆದ ದಿನಾನೇ ತಾಯಿಗೆ ಹುಷಾರಿಲ್ಲ ಅಂತ ಚೆನ್ನೈಗೆ ಹೋದ್ರು. ಅವರ ಜಾಗಕ್ಕೆ ಫೀಲ್ಡಿಂಗಿಗೆ ನಿಂತವನು ನಮ್ಮ ಕರ್ನಾಟಕದ ದೇವದತ್ತ ಪಡಿಕ್ಕಲ್. ನಾಲ್ಕನೇ ದಿನ ವಾಪಸ್ ಬಂದು ಬೌಲಿಂಗೂ ಮಾಡಿದ್ರು. ಅದು ಟೆಸ್ಟ್, ಕ್ರಿಕೆಟ್ ಮಂಡಳಿ ವಿಮಾನದ ವ್ಯವಸ್ಥೆ ಮಾಡ್ತು. ರಂಜಿ ಹುಡುಗನಿಗೆ ಯಾರು ಮಾಡ್ತಾರೆ? ಬರೋಡಾದ ವಿಷ್ಣು ಸೋಳಂಕಿ 2022ರಲ್ಲಿ ಆಗಷ್ಟೇ ಹುಟ್ಟಿದ ಮಗು ಕಳ್ಕೊಂಡು, ಕಾರ್ಯ ಮುಗಿಸಿ ಬಂದು ಚಂಡೀಗಢದ ಮೇಲೆ 104 ಹೊಡೆದ. ಅದನ್ನ ಕೇಳಿ ಚಪ್ಪಾಳೆ ತಟ್ಟೋದಾ ಅಳೋದಾ ಅಂತ ನನಗೆ ತಿಳಿಯಲ್ಲ. ಹೆಂಗಸರ ಕ್ರಿಕೆಟ್ ಆದ್ರೆ ಇನ್ನೂ ಕಷ್ಟ. ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ 2021ರಲ್ಲಿ ಎರಡು ವಾರದೊಳಗೆ ಅಮ್ಮ, ಅಕ್ಕ ಇಬ್ಬರನ್ನೂ ಕೊರೊನಾದಲ್ಲಿ ಕಳ್ಕೊಂಡ್ರು. ಮಂಡಳಿ ಒಂದು ಮಾತೂ ವಿಚಾರಿಸಿಲ್ಲ ಅಂತ ಆಸ್ಟ್ರೇಲಿಯಾದ ಮಾಜಿ ಆಟಗಾರ್ತಿ ಲೀಸಾ ಸ್ಥಳೇಕರ್ ಬಹಿರಂಗವಾಗಿ ಬರೆದ್ರು, ಫೋನ್ ಬಂದಿದ್ದು ಅದಾದ ಮೇಲೆ. ಕಡೂರು ಇಲ್ಲಿಂದ ಗಂಟೆ ದಾರಿ, ನಾವಾದ್ರೂ ಎಷ್ಟು ಜನ ಆವಾಗ ಒಂದು ಸಾಲು ಬರೆದ್ವಿ?

ತಲೆಗೆ ಪೆಟ್ಟು ಬಿದ್ರೆ ಪೂರ್ತಿ ಬದಲಿ ಆಟಗಾರ ಇದ್ದಾನೆ. ಗಂಭೀರ ಗಾಯಕ್ಕೂ 2025ರಿಂದ ದೇಶಿ ಪಂದ್ಯದಲ್ಲಿ ಕೊಟ್ಟಿದ್ದಾರೆ. ಸಾವಿಗೂ ಕೊಡ್ಲಿ ಅಂದೆ ನಾನು. ದೊಡ್ಡಪ್ಪ ನಕ್ಬಿಟ್ರು: ‘ಆಮೇಲೆ ಪಿಚ್ ತಿರುಗಿದ ದಿನವೆಲ್ಲ ಯಾರದೋ ಅಜ್ಜಿ ಸಾಯ್ತಾಳೆ.’ ಅದೂ ಹೌದೇನೋ... ಇಲ್ಲ, ಇಲ್ಲ, ಆದ್ರೂ ಕೊಡ್ಬೇಕು. ಅಜ್ಜಿ ಸತ್ತಿದ್ದು ನಿಜಾನಾ ಅಂತ ರೆಫರಿ ಒಂದು ಫೋನ್ ಮಾಡ್ಲಿ. ಆಡೋ ಹುಡುಗರಿಗೆ ದಿನಕ್ಕೆ 40 ಸಾವಿರದಿಂದ 60 ಸಾವಿರದ ತನಕ ಫೀಸು ಕೊಡೋರಿಗೆ ಒಂದು ಫೋನು ಭಾರಾನಾ?

ಅಯ್ಯೋ, ಶಾಟ್ ಮುಗೀತು. ಮುಂದಿನದು ಊಟ. ಕಡುಬು, ಕೋಳಿ ಸಾರು. ದೊಡ್ಡಮ್ಮನ ಮುಖ ತೋರ್ಸ್ಬಾರ್ದು ಅಂತ ಆರ್ಡರ್ ಆಗಿದೆ, ತಟ್ಟೆ ಮಾತ್ರ ನೋಡಿ.