ಹಿಂಸೆ ಕಂಡ ಮಗುವಿಗೆ ಶಾಲೆಯಲ್ಲೇ ಚಿಕಿತ್ಸೆ

ಕೇಳುಗರೆಲ್ಲರಿಗೂ ನಮಸ್ಕಾರ.

ಹಿಂಸೆಯನ್ನು ಕಣ್ಣಾರೆ ಕಂಡ ಅಥವಾ ಸ್ವತಃ ಅನುಭವಿಸಿದ ಮಕ್ಕಳಿಗೆ ಮನೋಚಿಕಿತ್ಸೆ ಬೇಕೆಂಬುದನ್ನು ಈಗ ಬಹುಮಂದಿ ಒಪ್ಪುತ್ತಾರೆ. ಅದು ಎಲ್ಲಿ ಸಿಗಬೇಕು ಎಂಬ ಪ್ರಶ್ನೆ ಮಾತ್ರ ಹಿಂದೆ ಬಿದ್ದಿದೆ. ಅಮೆರಿಕದ ಲಾಸ್ ಏಂಜಲೀಸ್ ನಗರದ ಪೂರ್ವಭಾಗದ ಎರಡು ಶಾಲೆಗಳಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ದೃಷ್ಟಿಯಿಂದ ಇಂದಿಗೂ ಗಮನಾರ್ಹ. ಹಿಂಸೆಯಿಂದ ಆಘಾತಕ್ಕೊಳಗಾಗಿದ್ದ ಆರನೆಯ ತರಗತಿಯ 126 ವಿದ್ಯಾರ್ಥಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮೊದಲು, ಉಳಿದವರಿಗೆ ಕೆಲವು ತಿಂಗಳ ತರುವಾಯ, ಶಾಲೆಯಲ್ಲೇ 10 ಗುಂಪು ತರಗತಿಗಳನ್ನು ನಡೆಸಲಾಯಿತು. ತರಬೇತಿ ಪಡೆದ ಕಾರ್ಯಕರ್ತರು ಮೈಮನಸ್ಸುಗಳ ಬಿಗಿತವನ್ನು ಸಡಿಲಿಸಿಕೊಳ್ಳುವುದನ್ನೂ, ಭಯ ಹುಟ್ಟಿಸುವ ಆಲೋಚನೆಗಳನ್ನು ಪರೀಕ್ಷಿಸಿ ನೋಡುವುದನ್ನೂ, ಅಪಾಯವಿಲ್ಲದಿದ್ದರೂ ಹೆದರಿ ದೂರವಿಟ್ಟ ಜಾಗಗಳಿಗೆ ಮೆಲ್ಲಮೆಲ್ಲನೆ ಮರಳುವುದನ್ನೂ ಮಕ್ಕಳಿಗೆ ಕಲಿಸಿದರು. ಮೂರು ತಿಂಗಳ ಬಳಿಕ, ಮೊದಲು ನೆರವು ಪಡೆದವರ ಆಘಾತದ ಲಕ್ಷಣಗಳು ಕಾದಿದ್ದವರಿಗಿಂತ ಗಣನೀಯವಾಗಿ ಕಡಿಮೆಯಾಗಿದ್ದವು. ಕಾದವರಿಗೂ ನೆರವು ದೊರೆತ ಮೇಲೆ ಆ ಅಂತರ ಅಳಿಯಿತು.

ನನಗೆ ಇದಕ್ಕಿಂತ ಮುಖ್ಯವೆನಿಸುವ ಸಂಗತಿ ಇನ್ನೊಂದಿದೆ. ಮಕ್ಕಳು ಹೇಳಿಕೊಂಡ, ಪೋಷಕರೂ ಗಮನಿಸಿದ ಸುಧಾರಣೆ ಶಿಕ್ಷಕರ ವರದಿಯಲ್ಲಿ ಎದ್ದು ಕಾಣಲಿಲ್ಲ. ಇದನ್ನು ಶಿಕ್ಷಕರ ಅಲಕ್ಷ್ಯವೆಂದು ನಾನು ಭಾವಿಸುವುದಿಲ್ಲ. ರಾತ್ರಿ ಬೆಚ್ಚಿ ಏಳುವ ಮಗು ಹಗಲು ಪಾಠದ ವೇಳೆ ಸುಮ್ಮನೆ ಕುಳಿತಿರಬಹುದು. ಆದ್ದರಿಂದ ಗಲಾಟೆ ಮಾಡುವ ಹುಡುಗನನ್ನಷ್ಟೇ ಆಪ್ತಸಮಾಲೋಚಕರ ಬಳಿಗೆ ಕಳುಹಿಸುವ ವಾಡಿಕೆ ಸಾಲದು. ಪೋಷಕರ ಒಪ್ಪಿಗೆ ಪಡೆದು, ಆ ಶಾಲೆಗಳಲ್ಲಿ ಮಾಡಿದಂತೆ, ಪ್ರಶ್ನಾವಳಿಯ ಮೂಲಕ ಮಕ್ಕಳನ್ನೇ ಕೇಳಬೇಕು.

2005ರ ಕತ್ರಿನಾ ಚಂಡಮಾರುತದ ನಂತರ ನ್ಯೂ ಆರ್ಲಿಯನ್ಸ್‌ನಲ್ಲಿ ಇದೇ ಕ್ರಮವನ್ನು ಚಿಕಿತ್ಸಾಲಯದ ಇನ್ನೊಂದು ಕ್ರಮದೊಂದಿಗೆ ಹೋಲಿಸಿದಾಗ, ಶಾಲೆಯಲ್ಲಿ ನೂರಕ್ಕೆ 98 ಮಕ್ಕಳು ಚಿಕಿತ್ಸೆ ಆರಂಭಿಸಿದ್ದರು. ಚಿಕಿತ್ಸಾಲಯದಲ್ಲಿ ಆರಂಭಿಸಿದವರು 37 ಮಾತ್ರ.

ನಮ್ಮಲ್ಲಿ ಇಂಥ ಕೆಲಸಕ್ಕೆ ಕೈಹಾಕುವ ಶಾಲೆ ಮೊದಲು ತನ್ನನ್ನೇ ನೋಡಿಕೊಳ್ಳಬೇಕಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಒಂದು ಕೊಠಡಿಯಲ್ಲಿ ಬೆತ್ತ, ಪಕ್ಕದ ಕೊಠಡಿಯಲ್ಲಿ ಆಪ್ತಸಮಾಲೋಚನೆ ನಡೆದರೆ ಪ್ರಯೋಜನವಿಲ್ಲ. 2012ರ ಪೋಕ್ಸೋ ಕಾಯ್ದೆಯಂತೆ ಮಗುವಿನ ಮೇಲೆ ನಡೆದ ಲೈಂಗಿಕ ದೌರ್ಜನ್ಯ ತಿಳಿದುಬಂದರೆ ಪೊಲೀಸರಿಗೆ ವರದಿ ಮಾಡಲೇಬೇಕು. ಹೀಗಾಗಿ ಶಿಕ್ಷಕರು ‘ಯಾರಿಗೂ ಹೇಳುವುದಿಲ್ಲ’ ಎಂದು ಮಗುವಿಗೆ ಮಾತು ಕೊಡಬಾರದು. ಯಾರಿಗೆ, ಏಕೆ ಹೇಳಬೇಕಾಗಬಹುದು ಎಂಬುದನ್ನು ಮಗು ಬಾಯಿ ಬಿಡುವ ಮೊದಲೇ ತಿಳಿಸಿರಬೇಕು. ತುರ್ತು ನೆರವಿಗೆ ಮಕ್ಕಳ ಸಹಾಯವಾಣಿ 1098 ಇದೆ. ನಮಸ್ಕಾರ.